ಬಾಟಲಿಗೆ ಸಿಗದ ವಿಷದ ಲೆಕ್ಕ

ಅಮೆರಿಕದ ಕೇಪ್ ಕಾಡ್‌ನಲ್ಲೊಂದು ಸೇನಾ ನೆಲೆಯಿದೆ. ಅಲ್ಲಿ ಬೆಂಕಿ ಆರಿಸುವ ತರಬೇತಿ ವರ್ಷಗಟ್ಟಲೆ ನಡೆಯಿತು. ಬೇಕೆಂದೇ ಇಂಧನಕ್ಕೆ ಕಿಡಿ ಹಚ್ಚುವುದು, ನೊರೆ ಎರಚಿ ಆರಿಸುವುದು. ಬೆಂಕಿ ಅಂದೇ ಆರಿತು. ನೊರೆಯೊಳಗಿದ್ದ ಫ್ಲೋರಿನ್ ರಾಸಾಯನಿಕಗಳು ಮಾತ್ರ ಮರಳಿನಲ್ಲಿ ಇಳಿದು ಅಂತರ್ಜಲ ಸೇರಿದವು. ಇಂದಿಗೂ ಅಲ್ಲೇ ಇವೆ.

ಪಿಎಫ್‌ಎಎಸ್ ಎಂಬ ಈ ಬಳಗದ ವಸ್ತುಗಳು ನಾನ್‌ಸ್ಟಿಕ್ ತವಾ, ಮಳೆ ಕೋಟು, ಎಣ್ಣೆ ಹೀರದ ಕಾಗದಗಳ ಮೂಲಕ ಮನೆಮನೆಗೂ ಬಂದವು. ಇಂಗಾಲ ಮತ್ತು ಫ್ಲೋರಿನ್‌ ನಡುವಿನ ಬಂಧ ಎಷ್ಟು ಗಟ್ಟಿಯೆಂದರೆ ಬಿಸಿಲಿಗಾಗಲಿ ಸೂಕ್ಷ್ಮಜೀವಿಗಳಿಗಾಗಲಿ ಅದು ಜಗ್ಗುವುದಿಲ್ಲ. ಬಹುಕಾಲ ಉಳಿಯುವ ಮಾಲಿನ್ಯಕಾರಕಗಳಿಗೆ ಕಡಿವಾಣ ಹಾಕುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಈ ಬಳಗದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸೇರಿದವು. ಕುಡಿಯುವ ನೀರಿನಲ್ಲಿ ಇವೆರಡಕ್ಕೂ ಅಮೆರಿಕ 2024ರಲ್ಲಿ ನಿಗದಿ ಮಾಡಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಅಂದರೆ 100 ಕೋಟಿ ಲೀಟರ್ ನೀರಿನಲ್ಲಿ 4 ಗ್ರಾಂ!

ಇಷ್ಟು ಕಡಿಮೆ ಪ್ರಮಾಣವನ್ನು ಅಳೆಯುವುದು ಹೇಗೆ? ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ರೂಢಿ. ಆದರೆ ಬಾಟಲಿಗೆ ಗೊತ್ತಿರುವುದು ಆ ಒಂದು ಕ್ಷಣ ಮಾತ್ರ. ನಿನ್ನೆ ರಾತ್ರಿಯ ಮಳೆ ಏನು ಕೊಚ್ಚಿ ತಂದಿತ್ತೋ ಅದಕ್ಕೆ ತಿಳಿಯದು.

ಈ ಕೊರತೆ ತುಂಬಲು ಬಂದದ್ದು ಪ್ಯಾಸಿವ್ ಸ್ಯಾಂಪ್ಲರ್. ಪಂಪಿಲ್ಲ, ಬ್ಯಾಟರಿಯಿಲ್ಲ, ನೀರಿನಲ್ಲಿ ಇಳಿಬಿಟ್ಟರೆ ವಾರಗಟ್ಟಲೆ ರಾಸಾಯನಿಕಗಳನ್ನು ತಾನಾಗಿ ಹೀರುತ್ತಾ ಇರುತ್ತದೆ. ಕೆಲವು ಕೀಟನಾಶಕಗಳಂಥ ಜಿಡ್ಡುಪ್ರಿಯ ವಸ್ತುಗಳಿಗೆ ಬರಿಯ ಪ್ಲಾಸ್ಟಿಕ್ ಹಾಳೆಯೇ ಸಾಕಾಗುತ್ತಿತ್ತು. ಪಿಎಫ್‌ಒಎಸ್‌ನಂಥವು ಆ ಜಾತಿಯವಲ್ಲ. ನೀರಿನಲ್ಲಿ ಋಣಾವೇಶ ಹೊತ್ತು ಓಡಾಡುವ ಇವು ಹಾಳೆಯೊಳಗೆ ನುಗ್ಗಲು ಒಲ್ಲವು. ಹಾಗಾಗಿ ಋಣಾವೇಶದ ಅಣುಗಳನ್ನು ಹಿಡಿದಿಟ್ಟುಕೊಳ್ಳುವ ರಾಳದ ಪುಡಿಯನ್ನು ಎರಡು ತೆಳು ಪೊರೆಗಳ ನಡುವೆ ಇಟ್ಟು ನೋಡಿದರು. ಹೊಸ ತಕರಾರು ಎದ್ದಿತು: ಕೆಲವು ಅಣುಗಳನ್ನು ಪೊರೆಯೇ ಹಿಡಿದುಕೊಂಡು ಕೂರುತ್ತದೆ. ನೀರು ಜೋರಾಗಿ ಹರಿದರೆ ಹೀರುವ ವೇಗವೂ ಏರುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರೂ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ರೈನರ್ ಲೋಮನ್ ತಂಡದವರೂ ಪರೀಕ್ಷೆಗೆ ಒಡ್ಡಿದ ಸಾಧನವೊಂದು ನೋಡಲು ತೀರಾ ಸಾದಾ: ಸಣ್ಣ ರಂಧ್ರಗಳ ದಪ್ಪ ಪಾಲಿಎಥಿಲೀನ್ ಕೊಳವೆ, ಒಳಗೆ ರಾಳದ ಪುಡಿ. ಗೋಡೆ ದಪ್ಪಗಿರುವುದರಿಂದ ಅಣುಗಳು ನಿಧಾನವಾಗಿ ಒಳಬರುತ್ತವೆ. ಹೊರಗಿನ ಹರಿವಿನ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ.

ಲೆಕ್ಕ ಶಾಲಾ ಹುಡುಗರೂ ಮಾಡುವಂಥದ್ದು. ಕೊಳವೆಯೊಂದು ದಿನಕ್ಕೆ 20 ಮಿಲಿಲೀಟರ್ ನೀರಿನಲ್ಲಿರುವಷ್ಟನ್ನು ಹೀರುತ್ತದೆ ಎನ್ನಿ. 30 ದಿನಕ್ಕೆ 600 ಮಿಲಿಲೀಟರ್. ಪುಡಿಯಲ್ಲಿ 6 ನ್ಯಾನೋಗ್ರಾಂ ಸಿಕ್ಕರೆ ತಿಂಗಳ ಸರಾಸರಿ ಲೀಟರಿಗೆ 10. ಕಷ್ಟವಿರುವುದು ಆ ‘20’ ಎಂಬ ಅಂಕಿಯನ್ನು ಪಡೆಯುವುದರಲ್ಲಿ. ಒಂದೊಂದು ರಾಸಾಯನಿಕಕ್ಕೂ ಅದು ಬೇರೆ. ಉಪ್ಪು, ತಾಪಮಾನ, ಮೈಮೇಲೆ ಬೆಳೆಯುವ ಪಾಚಿ ಎಲ್ಲವೂ ಅದನ್ನು ಏರುಪೇರು ಮಾಡಬಲ್ಲವು. ಅದಕ್ಕೇ ಸ್ಯಾಂಪ್ಲರ್ ಪಕ್ಕದಲ್ಲೇ ಮತ್ತೆ ಮತ್ತೆ ಬಾಟಲಿ ತುಂಬಿ ತಾಳೆ ನೋಡಬೇಕು. ಯಾವ ಬಾಟಲಿಯಿಂದ ಬಿಡುಗಡೆ ಬೇಕಿತ್ತೋ ಅದೇ ಇಲ್ಲಿ ಸಾಕ್ಷಿ!

ಹೊಳೆಗಿಳಿಯುವವರ ಪಾಡಂತೂ ಇನ್ನೂ ತಮಾಷೆ. ಮಳೆ ಬಂದರೂ ಜಲನಿರೋಧಕ ಜಾಕೆಟ್ ತೊಡುವಂತಿಲ್ಲ, ಉಪಕರಣದ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತುವಂತಿಲ್ಲ. ಹುಡುಕಹೊರಟ ವಸ್ತು ಅಲ್ಲಿಂದಲೇ ನೀರಿಗೆ ಬಂದೀತು. ನೀರಿಗಿಳಿಸದ ಒಂದು ಸ್ಯಾಂಪ್ಲರನ್ನು ಜೊತೆಗೊಯ್ದು, ದಡದಲ್ಲೇ ತೆರೆದು, ಮುಚ್ಚಿ ವಾಪಸು ತರುತ್ತಾರೆ. ಅದರಲ್ಲೂ ಪಿಎಫ್‌ಎಎಸ್ ಕಂಡರೆ ಮಾಲಿನ್ಯ ಹೊಳೆಯದೋ ತಂಡದ್ದೋ ಎಂದು ಮೊದಲು ವಿಚಾರಿಸಬೇಕು.

ಇಂಗಾಲದ ಸರಪಳಿ ಚಿಕ್ಕದಿರುವ ಪಿಎಫ್‌ಎಎಸ್ ಅಣುಗಳು ಇನ್ನೂ ಕಾಡುತ್ತಿವೆ. ಪಿಎಫ್‌ಒಎಸ್‌ನಂಥ ಹಳೆಯವುಗಳಿಗೆ ನಿಷೇಧ ಬಿದ್ದಾಗ ಉದ್ಯಮ ಹಿಡಿದ ದಾರಿ ಇವು. ರಾಳಕ್ಕೆ ಇವು ಗಟ್ಟಿಯಾಗಿ ಅಂಟುವುದಿಲ್ಲ. ಒಳಬಂದಷ್ಟೇ ಸಲೀಸಾಗಿ ಹೊರಹೋಗಲೂ ಬಲ್ಲವು. ತಿಂಗಳಿಡೀ ಮುಳುಗಿಸಿಟ್ಟ ಕೊಳವೆ ಇಂಥವುಗಳ ವಿಷಯದಲ್ಲಿ ಕಡೆಯ ಕೆಲವು ದಿನಗಳ ಕಥೆಯನ್ನಷ್ಟೇ ಹೇಳಬಹುದು.