ಜಠರ ಕಿರಿದಾದ ಮೇಲಿನ ಊಟ

ಅತಿಸ್ಥೂಲತೆಗಾಗಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಕ್ರಿಯೆ ಇಂದು ನಮ್ಮ ದೊಡ್ಡ ನಗರಗಳಲ್ಲೆಲ್ಲ ನಡೆಯುತ್ತಿದೆ. ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೇ ತೆಗೆದುಹಾಕುತ್ತಾರೆ. ಆದರೆ ಕತ್ತರಿಯು ಜಠರವನ್ನು ಮಾತ್ರ ಕಿರಿದು ಮಾಡೀತು. ಉಣ್ಣುವ ರೀತಿಯನ್ನು ಉಣ್ಣುವವನೇ ತಿದ್ದಿಕೊಳ್ಳಬೇಕು.

ಮೊದಲು ಸೋಸಿದ ಬೇಳೆಕಟ್ಟು, ನೀರುಮಜ್ಜಿಗೆಗಳಂತಹ ದ್ರವಗಳು, ಬಳಿಕ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತಗಿನದು, ಸುಮಾರು ಎರಡು ತಿಂಗಳಿಗೆ ಸಾಧಾರಣ ಊಟ. ಅನ್ನಪ್ರಿಯರಾದ ನಮಗೆ ಕಠಿಣವಾದ ನಿಯಮವೊಂದಿದೆ: ಪ್ರೋಟೀನು ಮೊದಲು, ಅನ್ನ ಕಡೆಗೆ. ಅದು ದಿನಕ್ಕೆ 60 ಗ್ರಾಮಿಗಿಂತ ಕಡಿಮೆಯಾಗಬಾರದು. ಆದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಆದುದರಿಂದ ತಟ್ಟೆಯಲ್ಲಿ ಬೇಳೆ, ಮೊಸರು, ಪನ್ನೀರು, ಮೊಟ್ಟೆ, ಮೀನುಗಳೇ ಮುಂದಿರಲಿ. ಊಟದೊಡನೆ ನೀರು ಬೇಡ. ಅರ್ಧ ಗಂಟೆ ತಡೆಯಬೇಕು. ಬಿ-12, ಕಬ್ಬಿಣ, ಸುಣ್ಣಾಂಶ, ಡಿ ಜೀವಸತ್ವಗಳ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಜೀವಮಾನವಿಡೀ ಸೇವಿಸಬೇಕು. ಪದೇಪದೇ ವಾಂತಿಯಾದರೆ ತಡಮಾಡದೆ ಅವರನ್ನು ಕಾಣತಕ್ಕದ್ದು.

ಹೋಟೆಲು ನೌಕರರು ನಿಂತಲ್ಲೇ ಐದು ನಿಮಿಷದಲ್ಲಿ ಉಂಡೇಳುವುದೂ ಗುಮಾಸ್ತರು ಗಾಡಿಯ ಹೊತ್ತಿಗೆ ನುಂಗಿ ಓಡುವುದೂ ನಾವು ಕಾಣದ್ದಲ್ಲ. ಕಿರಿದಾದ ಜಠರವು ಅದನ್ನು ಸಹಿಸದು. ಸಾವಕಾಶವಾಗಿ ಕುಳಿತು, ಚೆನ್ನಾಗಿ ಅಗಿದು, ಸ್ವಲ್ಪಸ್ವಲ್ಪವಾಗಿ ಉಣ್ಣಬೇಕು. ಮಾಲೀಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಅಂತಹ ನೌಕರನಿಗೆ ರಜೆಯ ಜೊತೆಗೆ, ಕೆಲಸಕ್ಕೆ ಮರಳಿದ ಮೇಲೆ ಕುಳಿತುಣ್ಣುವ ಬಿಡುವನ್ನೂ ಕೊಡಿರಿ. ಶಸ್ತ್ರಕ್ರಿಯೆಯ ಫಲ ಉಳಿಯುವುದು ಆ ಬಿಡುವಿನಲ್ಲಿಯೇ.