ಆಟದ ಗುರುಗಳೂ ಮನಸ್ಸಿನ ಬೇನೆಯೂ

ಸ್ಕಂದಗಿರಿಯ ತಪ್ಪಲಿನ ಹಳ್ಳಿಗಳಿಂದ ಹಿಡಿದು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳವರೆಗೆ, ಶಾಲೆಯ ಮಕ್ಕಳು ಹೋಬಳಿಯ ಪಂದ್ಯದಿಂದ ತಾಲ್ಲೂಕಿಗೂ ತಾಲ್ಲೂಕಿನಿಂದ ಜಿಲ್ಲೆಗೂ ಏರುವುದು ವರ್ಷವರ್ಷದ ವಾಡಿಕೆ. ಓಡುವ ಹುಡುಗನ ಕಾಲು ಉಳುಕಿದರೆ ದೈಹಿಕ ಶಿಕ್ಷಕರು ಒಡನೆಯೇ ಪಟ್ಟಿ ಕಟ್ಟಿ, ವಿಶ್ರಾಂತಿ ಕೊಡಿಸಿ, ಬೇಕಾದಲ್ಲಿ ವೈದ್ಯರಲ್ಲಿಗೆ ಕಳುಹಿಸುತ್ತಾರೆ. ಅದೇ ಹುಡುಗನ ಮನಸ್ಸು ಕುಗ್ಗಿದರೋ, ‘ಸೋಮಾರಿ’, ‘ಹೇಡಿ’ ಎಂಬ ಎರಡು ಮಾತುಗಳೇ ಬಹುಮಟ್ಟಿಗೆ ಅವನಿಗೆ ದೊರೆಯುವ ಔಷಧ. ಇದು ಕ್ರೌರ್ಯವಲ್ಲ, ಅರಿವಿನ ಕೊರತೆ. ಆದುದರಿಂದಲೇ ಇದನ್ನು ತಿದ್ದಬಹುದು.

ಆಟವಾಡುವವರಿಗೆ ಚಿತ್ತದ ಬೇನೆ ಬಾರದೆಂದು ನಂಬಿರುವವರು ಉಂಟು. ಕೊಡಗಿನಲ್ಲಿ ಹುಟ್ಟಿ, 2007ರಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದ ಭಾರತ ತಂಡದಲ್ಲಿದ್ದ ರಾಬಿನ್ ಉತ್ತಪ್ಪನವರು, 2009ರಿಂದ 2011ರವರೆಗೆ ತಮ್ಮನ್ನು ಖಿನ್ನತೆಯು ಬಾಧಿಸಿತೆಂದೂ ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದಿತೆಂದೂ 2020ರಲ್ಲಿ ಬಹಿರಂಗವಾಗಿ ಹೇಳಿದರು. ಆಟವು ಮನಸ್ಸನ್ನು ಬೇರೆಡೆಗೆ ಸೆಳೆಯುತ್ತಿತ್ತು, ಆಟವಿಲ್ಲದ ದಿನಗಳೇ ದುಸ್ತರವಾಗಿದ್ದವು ಎಂಬುದು ಅವರ ಮಾತಿನ ಸಾರ. ಹೀಗಿರಲು, ಮೈದಾನದ ಆಟವೊಂದನ್ನೇ ನೋಡುವ ಗುರುವಿನ ಕಣ್ಣಿಗೆ ಇಂಥ ಬೇನೆ ಕಾಣುವುದೆಂತು?

ನಿದ್ದೆಗೆಡುವುದು, ಊಟ ಸೇರದಿರುವುದು, ಕಾರಣವಿಲ್ಲದ ಸಿಡುಕು, ಗೆಳೆಯರಿಂದ ದೂರ ಸರಿಯುವುದು, ನೆಚ್ಚಿನ ಆಟದಲ್ಲಿಯೇ ಆಸಕ್ತಿ ಹೋಗುವುದು ಮೊದಲಾದ ಲಕ್ಷಣಗಳು ವಾರಗಟ್ಟಲೆ ನಿಂತರೆ, ಗುರುವಾದವನು ಎಚ್ಚರಗೊಳ್ಳತಕ್ಕದ್ದು. ಏಕಾಂತದಲ್ಲಿ ಕೂರಿಸಿಕೊಂಡು ಕೇಳುವುದು, ಕೇಳಿದುದನ್ನು ಹಳಿಯದಿರುವುದು, ಬಲ್ಲವರಲ್ಲಿಗೆ ಕಳುಹಿಸುವುದು, ಇಷ್ಟೇ ಅವನ ಕರ್ತವ್ಯ. ಚಿಕಿತ್ಸೆಯು ವೈದ್ಯರ ಕೆಲಸ.

‘ಇಷ್ಟನ್ನೂ ಆಟದ ಮೇಷ್ಟರಿಗೆ ಕಲಿಸಲಾದೀತೆ?’ ಎಂದು ಕೇಳುವವರಿಗೆ ನಮ್ಮ ನಾಡೇ ಉತ್ತರ ಕೊಟ್ಟಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ವಿದ್ಯೆಯನ್ನು ಕಲಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಲಿತುದನ್ನು, ದಿನವೂ ಮಕ್ಕಳೊಡನಿರುವ ಶಿಕ್ಷಕರು ಕಲಿಯಲಾರರೆಂಬುದು ಒಪ್ಪತಕ್ಕ ಮಾತಲ್ಲ.

ಇನ್ನೊಂದು ತೊಡಕಿದೆ, ಅದು ಸೂಕ್ಷ್ಮವಾದುದು. ಹುಡುಗನು ಯಾರಲ್ಲಿ ತನ್ನ ಅಳಲನ್ನು ಹೇಳಿಕೊಳ್ಳಬೇಕೋ, ತಂಡಕ್ಕೆ ಆಟಗಾರರನ್ನು ಆರಿಸುವವರೂ ಅವರೇ. ಹೇಳಿದರೆ ಸ್ಥಾನ ತಪ್ಪೀತೆಂಬ ಅಂಜಿಕೆ ಇರುವವರೆಗೆ ಯಾವ ಹುಡುಗನೂ ಬಾಯಿ ಬಿಡನು. ಬೇನೆಯನ್ನು ಹೇಳಿಕೊಂಡ ಕಾರಣಕ್ಕಾಗಿ ಯಾರನ್ನೂ ಕೈಬಿಡುವುದಿಲ್ಲವೆಂದು ಗುರುವು ಋತುವಿನ ಮೊದಲ ದಿನವೇ ಸಾರಬೇಕು. ಸಾರಿದಂತೆ ನಡೆಯಲೂ ಬೇಕು. ಆಡಿದ ಗುಟ್ಟು ಹೊರಬೀಳಬಾರದು. ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ, ಹುಡುಗನನ್ನು ಒಬ್ಬನೇ ಬಿಡದೆ, ಮನೆಯವರಿಗೂ ವೈದ್ಯರಿಗೂ ತಿಳಿಸುವುದೇ ಧರ್ಮ.

2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ. ಈ ಸಂಖ್ಯೆಯನ್ನು ಪ್ರತಿಯೊಂದು ಆಟದ ಬಯಲಿನಲ್ಲಿಯೂ ಬರೆಯಿಸುವುದಕ್ಕೆ ತಗಲುವ ವೆಚ್ಚವು ಒಂದು ಡಬ್ಬಿ ಬಣ್ಣ. ಶಿಕ್ಷಣ, ಕ್ರೀಡೆ, ಆರೋಗ್ಯ ಇಲಾಖೆಗಳ ಅಧಿಕಾರಿಗಳು ಒಂದೆಡೆ ಕುಳಿತು, ಮುಂದಿನ ಹೋಬಳಿ ಪಂದ್ಯಗಳಿಗೆ ಮೊದಲು ಜಿಲ್ಲೆಯ ಎಲ್ಲ ದೈಹಿಕ ಶಿಕ್ಷಕರಿಗೂ ತರಬೇತುದಾರರಿಗೂ ಎರಡು ದಿನಗಳ ಶಿಕ್ಷಣವನ್ನು ಏರ್ಪಡಿಸಲೆಂದು ನಾವು ಆಗ್ರಹಪಡಿಸುತ್ತೇವೆ. ಪದಕಗಳನ್ನು ಎಣಿಸುವವರು ಮಕ್ಕಳನ್ನೂ ಎಣಿಸಲಿ.