ಮನೆಯಲ್ಲೇ ಮರಗೆಲಸ: ಮಷಿನ್ ಕೊಳ್ಳುವ ಮುನ್ನ ಬೆರಳು, ಕಿವಿ, ಶ್ವಾಸಕೋಶದ ಲೆಕ್ಕ ಹಾಕಿ

ಮನೆಗೆ ಒಂದು ತಖ್ತ್ ಬೇಕು, ಮಕ್ಕಳ ಪುಸ್ತಕಕ್ಕೆ ಕಪಾಟು ಬೇಕು, ಹಳೆಯ ಬಾಗಿಲು ಕೆಳಗೆ ಉಜ್ಜುತ್ತಿದೆ. ಬಡಿಗನನ್ನು ಕರೆಸಿದರೆ ದಿನಗೂಲಿ ಕೊಡಬೇಕು. ಆಗ ಮನೆಯ ಹುಡುಗ, "ಅಬ್ಬಾ, ಒಂದು ಮಷಿನ್ ತಂದರೆ ಎಲ್ಲ ನಾನೇ ಮಾಡ್ತೀನಿ" ಎನ್ನುತ್ತಾನೆ. ಗೋರ್ಟಾ (ಬಿ)ಯಂಥ ಊರಿನಿಂದ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಹೋಗಿ ಮಷಿನ್ ತರುವುದು ಒಂದು ದಿನದ ಕೆಲಸ. ಆದರೆ ಯಾವ ಮಷಿನ್ ತರುತ್ತೀರಿ, ಅದರ ಜೊತೆಗೆ ಇನ್ನೇನು ತರುತ್ತೀರಿ ಎಂಬುದರ ಮೇಲೆ ಮನೆಯವರ ಆರೋಗ್ಯ ನಿಂತಿದೆ.

ಬೀದರ್ ಕೋಟೆಯ ರಂಗೀನ್ ಮಹಲಿನ ಮರದ ಕಂಬಗಳನ್ನು ನೀವು ನೋಡಿರಬಹುದು. ಆ ಕೆತ್ತನೆಯೆಲ್ಲ ಕೈಯ ಉಳಿಯಿಂದ ಆದದ್ದು. ಕೈಯ ಉಳಿ ಜಾರಿದರೆ ಒಂದು ಗಾಯವಾಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡ್ ಜಾರಿದರೆ ಬೆರಳೇ ಹೋಗುತ್ತದೆ. ಮನುಷ್ಯ ಕೈ ಹಿಂದೆಗೆಯುವಷ್ಟು ಸಮಯವನ್ನೂ ಅದು ಕೊಡುವುದಿಲ್ಲ.

ಮೊದಲು ಯಾವುದನ್ನು ಕೊಳ್ಳಬೇಕು?

ಮನೆ ಬಳಕೆಗೆ ಮೊದಲು ಬೇಕಾದದ್ದು ಡ್ರಿಲ್ ಮಷಿನ್. 10 ಮಿ.ಮೀ. ಚಕ್ ಇರುವ, ಗುಂಡಿ ಒತ್ತಿದಷ್ಟೇ ವೇಗ ಏರುವ, ತಿರುಪುಮೊಳೆಯನ್ನೂ ಬಿಗಿಯುವ ಡ್ರಿಲ್ ಒಂದಿದ್ದರೆ ಕಪಾಟು, ಕಪಾಟಿನ ಕಬ್ಜಾ, ಗೋಡೆಯ ಶೆಲ್ಫ್ ಎಲ್ಲ ಆಗುತ್ತದೆ. ಎರಡನೆಯದು ಜಿಗ್‌ಸಾ. ಇದರ ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ. ಕೊಯ್ಯುವ ಮಷಿನ್‌ಗಳಲ್ಲಿ ಹೊಸಬರಿಗೆ ಅಪಾಯ ಕಡಿಮೆ ಇರುವುದು ಇದರಲ್ಲೇ. ಹಾಗೆಂದು ಹಲಗೆಯ ಕೆಳಗೆ ಕೈ ಇಡಬೇಡಿ, ಬ್ಲೇಡ್ ಹೊರಬರುವುದು ಅಲ್ಲಿಯೇ. ಮೂರನೆಯದು ಧೂಳಿನ ಚೀಲವಿರುವ ಸ್ಯಾಂಡರ್.

ದೊಡ್ಡ ಪ್ಲೈವುಡ್ ಹಾಳೆಯನ್ನು ಮನೆಯಲ್ಲಿ ಕೊಯ್ಯಲೇಬೇಡಿ. ಅಳತೆ ಬರೆದುಕೊಂಡು ಹೋಗಿ ಅಂಗಡಿಯಲ್ಲೋ ಕಟ್ಟಿಗೆ ಮಿಲ್ಲಿನಲ್ಲೋ ಕೊಯ್ಯಿಸಿ ತನ್ನಿ. ಅರ್ಧ ಅಪಾಯ, ಅರ್ಧಕ್ಕಿಂತ ಹೆಚ್ಚು ಧೂಳು ಅಲ್ಲೇ ಉಳಿಯುತ್ತದೆ.

ಇದೊಂದನ್ನು ಮಾಡಬೇಡಿ

ಕಬ್ಬಿಣ ಉಜ್ಜುವ 4 ಇಂಚಿನ ಗ್ರೈಂಡರ್‌ಗೆ, ಅಥವಾ ಕಲ್ಲು ಕೊಯ್ಯುವ ಮಾರ್ಬಲ್ ಕಟರ್‌ಗೆ ಮರದ ಹಲ್ಲಿನ ಬ್ಲೇಡ್ ಹಾಕಿ ಕೊಯ್ಯುವುದು ನಮ್ಮಲ್ಲಿ ರೂಢಿಯಾಗಿದೆ. ಒಂದೇ ಮಷಿನ್, ಎರಡು ಕೆಲಸ, ಹಣ ಉಳಿತಾಯ ಎಂಬ ಲೆಕ್ಕ. ಈ ಲೆಕ್ಕ ತಪ್ಪು.

ಈ ಮಷಿನ್‌ಗಳು ನಿಮಿಷಕ್ಕೆ 11,000 ಸುತ್ತು, ಕೆಲವು ಅದಕ್ಕೂ ಹೆಚ್ಚು ತಿರುಗುತ್ತವೆ. ಮರ ಕೊಯ್ಯಲೆಂದೇ ಮಾಡಿದ ಸರ್ಕ್ಯುಲರ್ ಸಾ ಸುಮಾರು 5,000 ಸುತ್ತು ತಿರುಗುತ್ತದೆ, ಮತ್ತು ಕೊಯ್ದು ಮುಗಿದೊಡನೆ ಅದರ ಕೆಳಗಿನ ಮುಚ್ಚಳ ತಾನಾಗಿ ಬ್ಲೇಡ್ ಮುಚ್ಚುತ್ತದೆ. ಗ್ರೈಂಡರ್, ಮಾರ್ಬಲ್ ಕಟರ್‌ಗಳಿಗೆ ಆ ಮುಚ್ಚಳವಿಲ್ಲ. ಬ್ಲೇಡಿನ ಹಲ್ಲು ಮರದ ಗಂಟಿಗೋ ಒಳಗಿನ ಮೊಳೆಗೋ ಸಿಕ್ಕಿದರೆ ಇಡೀ ಮಷಿನ್ ಕೈಯಿಂದ ಹಿಂದಕ್ಕೆ ಎಗರುತ್ತದೆ. ಎದುರಿಗೆ ಇರುವುದು ನಿಮ್ಮ ತೊಡೆ, ಹೊಟ್ಟೆ, ಮುಖ. ದೊಡ್ಡ ಬ್ಲೇಡ್ ಹಿಡಿಸಲು ಗಾರ್ಡ್ ಬಿಚ್ಚಿದ್ದರಂತೂ ತಡೆಯೇ ಇಲ್ಲ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಮಷಿನ್‌ನ ವೇಗಕ್ಕಿಂತ ಕಡಿಮೆ ಇದ್ದರೆ ಅದು ಒಡೆದು ಸಿಡಿಯಬಹುದು.

ಕರೆಂಟಿನ ವಿಷಯ

ನಮ್ಮ ಊರುಗಳಲ್ಲಿ ಕೆಲಸದ ನಡುವೆ ಕರೆಂಟ್ ಹೋಗುವುದುಂಟು. ಮಷಿನ್ ನಿಂತಿತೆಂದು ಹಾಗೆಯೇ ನೆಲದ ಮೇಲಿಟ್ಟು ಚಹಾ ಕುಡಿಯಲು ಹೋಗುತ್ತೇವೆ. ಸ್ವಿಚ್ ಲಾಕ್ ಆಗಿಯೇ ಉಳಿದಿರುತ್ತದೆ. ಕರೆಂಟ್ ಬಂದೊಡನೆ ಮಷಿನ್ ತಾನಾಗಿ ತಿರುಗುತ್ತದೆ, ಪಕ್ಕದಲ್ಲಿ ಮಗು ಇರುತ್ತದೆ. ಆದ್ದರಿಂದ ಕರೆಂಟ್ ಹೋದ ಕೂಡಲೇ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ಬ್ಲೇಡ್ ಅಥವಾ ಬಿಟ್ ಬದಲಿಸುವಾಗಲೂ ಪ್ಲಗ್ ಕಿತ್ತೇ ಬದಲಿಸಿ.

ವೋಲ್ಟೇಜ್ ಇಳಿದಾಗ ಒತ್ತಾಯದಿಂದ ಕೆಲಸ ಮಾಡಿದರೆ ಮೋಟಾರ್ ಸುಡುತ್ತದೆ. ಎಕ್ಸ್‌ಟೆನ್ಷನ್ ವೈರ್ 1.5 ಚದರ ಮಿ.ಮೀ.ಗಿಂತ ತೆಳುವಾಗಿರಬಾರದು, ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ. ಮೈ ಲೋಹದ್ದಾಗಿದ್ದರೆ ಮೂರು ಪಿನ್ನಿನ ಪ್ಲಗ್ ಮತ್ತು ನಿಜವಾದ ಅರ್ಥಿಂಗ್ ಬೇಕು. ಚೌಕದೊಳಗೆ ಚೌಕದ ಗುರುತಿದ್ದರೆ ಅದು ಎರಡು ಪದರದ ಇನ್ಸುಲೇಷನ್ ಇರುವ ಮಷಿನ್, ಅದಕ್ಕೆ ಎರಡು ಪಿನ್ ಸಾಕು. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಶಾಕ್‌ನಿಂದ ಮನೆಯವರೆಲ್ಲರಿಗೂ ರಕ್ಷಣೆ.

ಕಾಣದ ಶತ್ರು ಧೂಳು

ಬೆರಳಿನ ಗಾಯ ಕಾಣುತ್ತದೆ, ಧೂಳಿನ ಗಾಯ ಕಾಣುವುದಿಲ್ಲ. ನೆಲಕ್ಕೆ ಬಿದ್ದ ಹೊಟ್ಟು ಅಷ್ಟು ಕೆಟ್ಟದ್ದಲ್ಲ. ಕಣ್ಣಿಗೆ ಕಾಣದೆ ಗಾಳಿಯಲ್ಲಿ ತೇಲುವ ನುಣ್ಣನೆಯ ಪುಡಿಯೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಂಥ ಪುಡಿ ಹೆಚ್ಚು ಏಳುವುದು ಸ್ಯಾಂಡರ್‌ನಿಂದ. ದಮ್ಮು ಇರುವವರಿಗೆ ಇದರಿಂದ ಉಸಿರು ಕಟ್ಟಬಹುದು, ಇಲ್ಲದವರಿಗೂ ವರ್ಷಗಟ್ಟಲೆ ಧೂಳಿನಲ್ಲಿ ದುಡಿದರೆ ಹೊಸದಾಗಿ ದಮ್ಮು ಹತ್ತಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಟೊಳ್ಳುಗಳ ಕ್ಯಾನ್ಸರ್. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಲ್ಲಿ ಸಾಮಾನ್ಯವಾಗಿ ಇರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನದು. ವರ್ಷಕ್ಕೊಂದು ಕಪಾಟು ಮಾಡುವವರಿಗೆ ಈ ಅಪಾಯ ಸಣ್ಣದು. ದಿನವೂ ಇದೇ ಕೆಲಸ ಮಾಡುವ ನಮ್ಮ ಬಡಿಗ ಸಹೋದರರಿಗೆ ಸಣ್ಣದಲ್ಲ.

ವುಝೂ ಮಾಡುವಾಗ ಮೂಗಿಗೆ ನೀರೆಳೆದು ತೊಳೆಯುತ್ತೇವಲ್ಲ, ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೂಗಿನಲ್ಲಿ ಕುಳಿತ ಪುಡಿ ಅದರಿಂದ ಹೋಗುತ್ತದೆ, ಒಳ್ಳೆಯದೇ. ಆದರೆ ಶ್ವಾಸಕೋಶಕ್ಕೆ ಇಳಿದದ್ದು ನೀರಿನಿಂದ ಬರುವುದಿಲ್ಲ. ಮುಖಕ್ಕೆ ಕಟ್ಟಿದ ರುಮಾಲು, ದುಪಟ್ಟಾ ಕೂಡ ಈ ಪುಡಿಯನ್ನು ತಡೆಯುವುದಿಲ್ಲ. ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಮಾಸ್ಕ್ ಅಥವಾ ಎನ್95 ಮಾಸ್ಕ್ ಬೇಕು. ಗಡ್ಡ ಇರುವವರಿಗೆ ಮಾಸ್ಕಿನ ಅಂಚಿನಿಂದ ಗಾಳಿ ನುಸುಳುತ್ತದೆ. ಆದ್ದರಿಂದ ಅವರು ಅಂಗಳದಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಂತು ಕೆಲಸ ಮಾಡುವುದು ಇನ್ನೂ ಮುಖ್ಯ.

ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ಬಟ್ಟೆಯನ್ನು ಹೊರಗೇ ಕಳಚಿ, ಬೇರೆಯಾಗಿ ಒಗೆಯಿರಿ. ಹಳೆಯ ಬಣ್ಣದ ಬಾಗಿಲನ್ನು ಮಷಿನ್‌ನಿಂದ ಉಜ್ಜಲೇಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕುವ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು, ಅದು ಚಿಕ್ಕ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ.

ಇನ್ನೊಂದು ಮಾತು. ಬಣ್ಣ, ವಾರ್ನಿಷ್ ಕೈಗೆ ಅಂಟಿದರೆ ವುಝೂವಿನ ನೀರು ಚರ್ಮಕ್ಕೆ ತಾಗುವುದಿಲ್ಲವೆಂದು ಅವಸರದಲ್ಲಿ ಥಿನ್ನರ್‌ನಿಂದ ಕೈ ತೊಳೆಯುತ್ತಾರೆ. ಥಿನ್ನರ್ ಚರ್ಮವನ್ನು ಒಣಗಿಸಿ ಬಿರಿಸುತ್ತದೆ, ಚರ್ಮದ ಮೂಲಕ ಮೈಗೂ ಸೇರುತ್ತದೆ. ಬಣ್ಣ ಬಳಿಯುವ ಮೊದಲೇ ರಬ್ಬರ್ ಕೈಗವಸು ಹಾಕಿ. ಆದರೂ ಅಂಟಿದರೆ ಅಡುಗೆ ಎಣ್ಣೆ ಉಜ್ಜಿ ಸಾಬೂನಿನಿಂದ ತೊಳೆಯಿರಿ. ಮಷಿನ್ ತಿರುಗುವಾಗ ಮಾತ್ರ ಕೈಗವಸು ಬೇಡ, ಅದು ಬಿಟ್‌ಗೆ ಸುತ್ತಿ ಕೈಯನ್ನೇ ಎಳೆಯುತ್ತದೆ. ಜುಬ್ಬಾದ ತೋಳು, ದುಪಟ್ಟಾ, ಉದ್ದ ಕೂದಲಿಗೂ ಇದೇ ಮಾತು.

ಕಿವಿ ಮತ್ತು ಕಣ್ಣು

85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಸರ್ಕ್ಯುಲರ್ ಸಾ ಸುಮಾರು 100 ಡೆಸಿಬಲ್ ಸದ್ದು ಮಾಡುತ್ತದೆ, ಅಂದರೆ 15 ನಿಮಿಷ ಮಾತ್ರ. ಹೀಗೆ ಹೋದ ಕೇಳುವ ಶಕ್ತಿ ಮರಳಿ ಬರುವುದಿಲ್ಲ. ಕಿವಿಗೆ ಇಯರ್ ಪ್ಲಗ್, ಕಣ್ಣಿಗೆ ಬದಿಯೂ ಮುಚ್ಚುವ ಕನ್ನಡಕ ಹಾಕದೆ ಸ್ವಿಚ್ ಒತ್ತಬೇಡಿ. ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿಯದೆ ಕ್ಲಾಂಪ್ ಹಾಕಿ ಬಿಗಿಯಿರಿ.

ಗಾಯವಾದರೆ

ಸ್ವಚ್ಛ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿ, 108ಕ್ಕೆ ಕರೆ ಮಾಡಿ. ಅರಿಶಿನ, ಕಾಫಿ ಪುಡಿ ತುಂಬಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಿದರೆ ಅದು ಮತ್ತೆ ಜೋಡಿಸಲು ಬಾರದಂತೆ ಹಾಳಾಗುತ್ತದೆ. ನಮ್ಮ ಊರಿನಿಂದ ಬೆರಳು ಜೋಡಿಸುವ ದೊಡ್ಡ ಆಸ್ಪತ್ರೆ ದೂರ, ತಂಪಾಗಿಟ್ಟ ಬೆರಳಿಗೆ ಆ ದಾರಿ ಸವೆಸುವಷ್ಟು ಸಮಯ ಸಿಗುತ್ತದೆ. ಕಣ್ಣಿಗೆ ಚೂರು ನೆಟ್ಟಿದ್ದರೆ ಕೀಳಬೇಡಿ, ಉಜ್ಜಬೇಡಿ, ಕಣ್ಣಿಗೆ ಒತ್ತದಂತೆ ಮುಚ್ಚಿ ವೈದ್ಯರ ಬಳಿಗೆ ಹೋಗಿ.

ಮುಂದಿನ ಸಲ ಅಂಗಡಿಗೆ ಹೋದಾಗ ಮಷಿನ್‌ನ ಬೆಲೆ ಕೇಳುವ ಮುನ್ನ ಮಾಸ್ಕ್, ಕನ್ನಡಕ, ಇಯರ್ ಪ್ಲಗ್, ಎರಡು ಕ್ಲಾಂಪ್ ಇವುಗಳ ಬೆಲೆ ಕೇಳಿ. ಅಷ್ಟನ್ನು ಕೊಂಡ ಮೇಲೆ ಉಳಿದ ಹಣದಲ್ಲಿ ಬರುವ ಮಷಿನ್ ಯಾವುದೋ ಅದೇ ನಿಮಗೆ ತಕ್ಕ ಮಷಿನ್.